ಅಟ್ಟ ಹತ್ತದ ಎಂಟು ಲಕ್ಷ

ಒಗೆಯುವ ಮುಂಚೆ ಕಮಲಾಕ್ಷಮ್ಮ ಗಂಡನ ಅಂಗಿಯ ಜೇಬು ತಡಕಿದಳು. ಈ ತಿಂಗಳೂ ಬೇಲೂರಿನ ಬಸ್ ಟಿಕೆಟ್. ತಾರೀಕು ನಾಲ್ಕು. ಹೋದ ತಿಂಗಳೂ ನಾಲ್ಕೇ. ಆದರೆ ಮರುಳಪ್ಪ ಹೇಳಿದ್ದು ತಿಪಟೂರಿಗೆ ಹೋಗಿದ್ದೆ ಎಂದು. ಅರಸೀಕೆರೆಯಿಂದ ತಿಪಟೂರು ಒಂದು ದಿಕ್ಕು, ಬೇಲೂರು ಇನ್ನೊಂದು.

"ತಿಪಟೂರಲ್ಲಿ ಕೊಬ್ಬರಿ ರೇಟ್ ಹೆಂಗಿತ್ರೀ?"

"ಏರ್ತಾ ಐತೆ," ಎಂದ ಮರುಳಪ್ಪ, ಮುಖ ನೋಡದೆ.

ಐವತ್ತೈದರ ಗಂಡಸಿಗೆ ಬೇಲೂರಿನಲ್ಲಿ ಕದ್ದುಮುಚ್ಚಿ ಏನು ಕೆಲಸ? ಯಾವಳೋ ಇದ್ದಾಳೆ. ಅವಳಿಗೆ ಮೈಯೆಲ್ಲ ಉರಿಯಿತು.

ಉರಿಯಲು ಬೇರೆ ಕಾರಣವೂ ಇತ್ತು. ಕೊಬ್ಬರಿ ಕ್ವಿಂಟಲಿಗೆ ಹದಿನೈದು ಸಾವಿರ ದಾಟಿದ್ದೇ ಮರುಳಪ್ಪನ ತಲೆ ನಿಲ್ಲಲಿಲ್ಲ. ಸೈಟು ಮಾರಿದ. ಅವಳ ಬಳೆ ಮಾರಿದ. ಎಲ್ಲೆಲ್ಲಿಂದಲೋ ಸಾಲ ತಂದ. ಆ ದುಡ್ಡಿಗೆಲ್ಲ ಕೊಬ್ಬರಿ ಕೊಂಡು ಮನೆಯ ಅಟ್ಟ ತುಂಬಿದ. ಮೂವತ್ತು ಸಾವಿರ ಮುಟ್ಟಿದಾಗಲೂ ಒಂದು ಚೀಲ ಇಳಿಸಲಿಲ್ಲ, ನಲವತ್ತಾಗಲಿ ಎಂದ. ಮಂಡಿಯವರು ಭೇಷ್ ಎಂದರು. ಭೇಷ್ ಎನ್ನುವುದಕ್ಕೆ ಅವರ ಗಂಟೇನು ಹೋಗುತ್ತದೆ?

ಸಾಲಕ್ಕೆ ಕೈಹಾಕುವ ಮುಂಚೆ ಅವನ ಕಣ್ಣು ಅವಳ ತವರಿನ ಪಾಲಿನ ಮೇಲೂ ಬಿದ್ದಿತ್ತು. ಜಾವಗಲ್ಲಿನ ತೋಟ ಮಾರಿ ಬಂದ ಎಂಟು ಲಕ್ಷ.

"ಗಾಳಿ ಬಂದಾಗ ತೂರ್ಕೋಬೇಕು ಕಣೇ. ತತ್ತಾ ಇಲ್ಲಿ."

"ತಮ್ಮಂಗೆ ಕೊಟ್ಟಾಯ್ತು. ನಿಮ್ಮ ಅಟ್ಟಕ್ಕೆ ನನ್ನದೊಂದು ಕಾಸೂ ಹತ್ತಲ್ಲ!"

ತಮ್ಮನಿಗೆ ಕೊಟ್ಟದ್ದು ಸುಳ್ಳು. ಆ ದುಡ್ಡಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಖಾರದಪುಡಿ ಮಿಲ್ ಹಾಕಿ, ಈ ಗಂಡನ ಮುಂದೆ ಕೈಚಾಚದೆ ಬದುಕಬೇಕೆಂದಿದ್ದಳು. ಅಂಗಡಿ ಸಿಗುವ ತನಕ ಎಂಟು ಲಕ್ಷವನ್ನೂ ಬೇಲೂರಿನ ಉಷಾರಾಣಿಯ ಕೈಯಲ್ಲಿಟ್ಟಳು. ಉಷಾರಾಣಿ ಹೊರಗೆ ಸೀರೆ ಮಾರುವವಳು, ಒಳಗೆ ಬಡ್ಡಿಗೆ ದುಡ್ಡು ಆಡಿಸುವವಳು. ಪತ್ರವಿಲ್ಲ, ಸಹಿಯಿಲ್ಲ, ಬಾಯಿಮಾತು. ಅರಸೀಕೆರೆಯಲ್ಲಿ ಕೊಟ್ಟಿದ್ದರೆ ಸಂಜೆಯೊಳಗೆ ಮಂಡಿಗೆಲ್ಲ ಡಂಗುರ. ಅದಕ್ಕೇ ಊರಿನ ಮಾನವಂತರು ದುಡ್ಡಿನ ಗುಟ್ಟನ್ನು ಪರವೂರಿನಲ್ಲಿಡುತ್ತಿದ್ದರು. ಅವಳು ಗಂಡನ ಹೆಸರನ್ನೂ ಹೇಳಿರಲಿಲ್ಲ. 'ಜಾವಗಲ್ ಕಮಲಾಕ್ಷಮ್ಮ' ಅಷ್ಟೇ. ಹಳೇಬೀಡಿನ ಈಶ್ವರನಿಗೆ ಹರಕೆ ಎಂದು ಹೇಳಿ ಪ್ರತಿ ತಿಂಗಳು ಆರಕ್ಕೆ ಬಸ್ ಹತ್ತುವಳು, ಹದಿನಾರು ಸಾವಿರ ಬಡ್ಡಿ ಎಣಿಸಿಕೊಂಡು ಬರುವಳು. ಬುದ್ಧಿ ಎಂದರೆ ತನ್ನದು ಎಂದು ದಾರಿಯುದ್ದಕ್ಕೂ ಬೀಗುವಳು.

ಆಮೇಲೆ ರೇಟು ಜಾರಿತು. ಇಪ್ಪತ್ತನಾಲ್ಕು. ಹದಿನೆಂಟು. ಹದಿಮೂರಕ್ಕೂ ಕೇಳುವವರಿಲ್ಲ. ಅದೇ ತಿಂಗಳು ಉಷಾರಾಣಿ ಫೋನ್ ಮಾಡಿ, ಬಡ್ಡಿಗೆ ಸ್ವಲ್ಪ ದಿನ ತಡೀರಿ ಎಂದಳು. ಮರುಳಪ್ಪ ಅನ್ನ ಬಿಟ್ಟ.

"ನಿನ್ನ ತಮ್ಮನ್ನ ಕೇಳೇ. ಆ ಎಂಟು ಲಕ್ಷ ಸಿಕ್ಕಿದ್ರೆ ಮಾನ ಉಳ್ಕೊಳ್ತದೆ."

"ಬೇಲೂರೋಳ್ನ ಕೇಳ್ಹೋಗ್ರಿ!"

ಅವನ ಮುಖ ಬಿಳಿಚಿಕೊಂಡಿತು. "ಅವಳ ವಿಷಯ ನಿಂಗ್ಯಾರು ಹೇಳಿದ್ದು?"

ಇನ್ನು ಸಾಕ್ಷಿ ಬೇಕೆ? ಮರುದಿನ ಅವನು ಎದ್ದವನೇ ಎತ್ತಲೋ ಹೋದ. ಅವಳು ಮುಂದಿನ ಬಸ್ಸಿಗೇ ಹೊರಟಳು. ದುಡ್ಡು ಬಿಡಿಸಿಕೊಳ್ಳುವುದು, ಅಂಗಡಿಗೆ ಅಡ್ವಾನ್ಸ್ ಕೊಡುವುದು, ಈ ಮುಖ ಮತ್ತೆ ನೋಡದಿರುವುದು. ಅವನು ಅಟ್ಟದ ಸಮೇತ ಮುಳುಗಲಿ ಎಂದು ಬಾಯಿಬಿಟ್ಟೇ ಶಪಿಸಿದಳು.

ಉಷಾರಾಣಿಯ ಮನೆ ಬಾಗಿಲಲ್ಲಿ ಮರುಳಪ್ಪನ ಚಪ್ಪಲಿಗಳಿದ್ದವು.

ಇವಳೇನಾ? ನಗುನಗುತ್ತ ತನಗೆ ಬಡ್ಡಿ ಎಣಿಸಿ ಕೊಡುತ್ತಿದ್ದವಳೇ? ಕಮಲಾಕ್ಷಮ್ಮ ಬಾಗಿಲು ದೂಡಿದಳು. ಒಳಗೆ ಸೀರೆ ಗಂಟುಗಳ ನಡುವೆ ಮರುಳಪ್ಪ ನೆಲದ ಮೇಲೆ ಕೈಮುಗಿದು ಕೂತಿದ್ದ. ಹೆಂಡತಿಯನ್ನು ಕಂಡು ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಒಳ್ಳೆ ಹೊತ್ತಿಗೆ ಬಂದ್ರಿ ಕಮಲಾಕ್ಷಮ್ಮ," ಎಂದಳು ಉಷಾರಾಣಿ. "ನಿಮ್ಮ ಎಂಟು ಲಕ್ಷ ಇಸ್ಕೊಂಡಿರೋರು ಇವರೇ. ಅಷ್ಟೂ ಇವರ ಮನೆ ಅಟ್ಟದ ಮೇಲೆ ಕೊಬ್ಬರಿಯಾಗಿ ಬಿದ್ದೈತಂತೆ. ಅರಸೀಕೆರೆಗೆ ಹೋಗಿ, ಮನೆ ಎಲ್ಲೈತೆ ಅಂತ ಕೇಳಿ ಇಳಿಸ್ಕೊಳ್ಳಿ."