ಉಳಿದರ್ಧ ಗೆರೆ

ಮಾರುಮ್ ಜ್ವಾಲಾಮುಖಿಯ ಬಾಯಂಚು ಕುಸಿದು ಮಾಗೆಕೊನ್ ಬೆಂಕಿಯೊಳಗೆ ಬಿದ್ದನೆಂಬ ಸುದ್ದಿ ಊರಿಗೆ ಬಂದಾಗ ಅವನ ತಂದೆ ಬೊಂಗ್‌ನೈಮ್ ತೋಟದಲ್ಲಿ ಗೆಣಸು ಅಗೆಯುತ್ತಿದ್ದ. ಕೈಯ ಮಣ್ಣನ್ನೂ ತೊಳೆಯದೆ ಬೆಟ್ಟದ ದಾರಿ ಹಿಡಿದ.

ಬೂದಿಬಯಲಿನ ಅಂಚಿನಲ್ಲಿ ಎಸ್ತೆರ್ ತಡೆದಳು. ಬೆಟ್ಟದ ಹೊಗೆ, ಬಿರುಕುಗಳನ್ನು ಅಳೆಯಲು ರಾಜಧಾನಿಯಿಂದ ಬರುತ್ತಿದ್ದ ಭೂವಿಜ್ಞಾನಿ ಅವಳು. ಅವಳಿಗೆ ದಾರಿ ತೋರುತ್ತಿದ್ದವನು ಮಾಗೆಕೊನ್; ಅವನಂತೆ ಅವಳೂ ಬೊಂಗ್‌ನೈಮ್‌ನನ್ನು ಅಪ್ಪ ಎಂದೇ ಕರೆಯುತ್ತಿದ್ದಳು. ಅತ್ತು ಅವಳ ಕಣ್ಣುಗಳು ಊದಿದ್ದವು.

“ಮುಂದೆ ಹೋಗ್ಬೇಡ ಅಪ್ಪಾ. ಅವನನ್ನ ತರೋಕೆ ಯಾರ ಕೈಲೂ ಆಗಲ್ಲ.”

“ತರೋಕೆ ಬಂದೆ ಅಂದೆನಾ ನಾನು? ನಮ್ಮ ಸತ್ತವರೆಲ್ಲ ಹೋಗೋದು ಈ ಬೆಟ್ಟದೊಳಕ್ಕೇ. ಆದ್ರೆ ಬಾಗಿಲು ಕಾಯೋಳು ಇವನನ್ನ ಒಳಗೆ ಬಿಡಲ್ಲ.”

ಆ ಬಾಗಿಲ ಸಂಗತಿ ದ್ವೀಪದ ಮಕ್ಕಳಿಗೂ ಗೊತ್ತು. ಕಾಯುವವಳು ಮಣ್ಣಿನಲ್ಲಿ ಚಿತ್ರ ಬರೆದು ಅರ್ಧ ಅಳಿಸುತ್ತಾಳೆ. ಬೆರಳೆತ್ತದೆ, ಒಂದೇ ಗೆರೆಯಲ್ಲಿ ಉಳಿದರ್ಧ ತುಂಬಿದವರಿಗಷ್ಟೇ ಒಳಗೆ ಜಾಗ.

“ಅವನಿಗೆ ಆ ಚಿತ್ರ ಬರ್ತಿರ್ಲಿಲ್ವಾ?”

“ಅರ್ಧ ಬರ್ತಿತ್ತು. ಕಲಿಸೋಕೆ ಕೂರಿಸಿದಾಗಲೆಲ್ಲ ಈ ಬೆಟ್ಟ ಗುಡುಗೋದು, ಇವನು ನೋಡೋಕೆ ಓಡೋನು. ತನ್ನ ಮದುವೇಲೂ ಹಂದಿ ಕೊಯ್ಯೋ ಹೊತ್ತಿಗೆ ಓಡಿದ್ದ, ಭಂಡ! ಉಳಿದರ್ಧ ಈಗಾದ್ರೂ ಕಲಿಸ್ಬೇಕು.”

ಅಳುವಿನ ನಡುವೆಯೂ ಎಸ್ತೆರ್‌ಗೆ ನಗು ಬಂತು. “ನೀನು ಚರ್ಚಿನ ಸಭೆಯ ಹಿರಿಯ. ಇದಕ್ಕೆ ಪಾದ್ರಿ ಏನಂತಾರೋ?”

“ಪಾದ್ರಿಯ ಮಗ ಸತ್ತಿಲ್ಲ.”

ಬೊಂಗ್‌ನೈಮ್ ಅವಳನ್ನು ದಾಟಿ ಹೋಗಿ ಕರಿಬೂದಿಯ ಮೇಲೆ ಮೊಣಕಾಲೂರಿದ. ಬೆರಳು ಸುತ್ತಿ ಸುತ್ತಿ ಹರಿಯಿತು. ಚಿತ್ರ ಮುಗಿಯುವಷ್ಟರಲ್ಲಿ ಬೆಟ್ಟ ಗುಡುಗಿತು. ಬಿಸಿ ಬೂದಿ ಸುರಿದು ಗೆರೆಗಳನ್ನೆಲ್ಲ ನುಂಗಿತು. ಮತ್ತೆ ಬರೆದ. ಮತ್ತೆ ಸುರಿಯಿತು.

“ಅಳಿಸು!” ಅವನು ಬೆಟ್ಟಕ್ಕೆ ಕೂಗಿದ. “ನಿಂಗೇನು, ಬೇರೆ ಕೆಲಸ ಇಲ್ಲ. ನಂಗೂ ಇಲ್ಲ!”

ಎಸ್ತೆರ್ ಓಡಿ ಬಂದು ತನ್ನ ಶಿರಸ್ತ್ರಾಣವನ್ನು ಬಿಚ್ಚಿ ಅವನ ತಲೆಗಿಟ್ಟಳು. “ಅಳಿಸ್ತಿಲ್ಲ ಅಪ್ಪಾ, ಮುಚ್ತಿದೆ. ನಾನು ಗುಂಡಿ ತೋಡಿ ನೋಡ್ತೀನಲ್ಲ, ಅಜ್ಜಂದಿರ ಕಾಲದ ಬೂದಿಯೂ ಪದರ ಪದರವಾಗಿ ಹಾಗೇ ಇರುತ್ತೆ.”

ಮುದುಕ ಬೂದಿಯನ್ನು ಬೆರಳಿನಿಂದ ಒತ್ತಿ ನೋಡಿದ.

“ಹಾಗಾದ್ರೆ ಒಳ್ಳೇದೇ ಆಯ್ತು. ಅವನಿರೋದೂ ಕೆಳಗೇ.”

ಹೊಸ ಬೂದಿಯನ್ನು ಅಂಗೈಯಿಂದ ಸವರಿ ಮೂರನೆಯ ಸಲ ಮೊದಲಿನಿಂದ ಬರೆಯತೊಡಗಿದ. ಬೆರಳು ಮೇಲೇಳಲಿಲ್ಲ. ಗೆರೆಯ ಜೊತೆಗೇ ತುಟಿಯೂ ಆಡುತ್ತಿತ್ತು.

“ಕರ್ತನೇ, ನನ್ನ ಮಗ ಬಾಗಿಲಲ್ಲಿ ತಲೆ ಕೆರ್ಕೊಂಡು ನಿಂತಿರ್ತಾನೆ. ಮೇಲೆ ನೋಡು ಅಂತ ಹೇಳು. ಈ ಒಂದು ಸಲ ಓಡಿಹೋಗದೆ, ಕೊನೇವರೆಗೂ ನಿಂತು ನೋಡ್ಲಿ. ಆಮೇಲೆ ಅವನಿಗೆ ಶಾಂತಿ ಕೊಡು.”