ಐವತ್ತೆರಡು ಕುಣಿಕೆ

ಗೇಟಿನಲ್ಲೇ ಅವಳ ಕೈಯಿಂದ ಸ್ಟಾಪ್‌ವಾಚ್ ಇಸಿದುಕೊಂಡರು.

“ಆಂಟಿ, ಇವತ್ತು ಪಂದ್ಯ ಅಲ್ಲ,” ಎಂದಳು ಟ್ರ್ಯಾಕ್ ಪಕ್ಕ ಬಾವುಟ ಬೀಸುವ ಕಿತ್ತಳೆ ಅಂಗಿಯ ಹುಡುಗಿ. “ತಮ್ಮ ತಮ್ಮ ಕಾರು ತಂದು ಟ್ರ್ಯಾಕ್ ಮೇಲೆ ಓಡಿಸ್ತಾರೆ, ಅಷ್ಟೇ. ಗೆಲ್ಲೋರಿಲ್ಲ, ಸೋಲೋರಿಲ್ಲ. ಮುಂದಿನವರು ಕಿಟಕಿಯಿಂದ ಕೈ ಚಾಚಿ ದಾರಿ ಕೊಟ್ರೆ ಮಾತ್ರ ಹಿಂದಿನವರು ಮುಂದೆ ಹೋಗ್ಬೇಕು. ಒಬ್ರು ಗಡಿಯಾರ ಹಿಡಿದ್ರೆ ಎಲ್ಲರಿಗೂ ಹುಚ್ಚು ಹತ್ತುತ್ತೆ. ಹೋಗುವಾಗ ವಾಪಸ್ ಕೊಡ್ತೀನಿ.”

“ಕೊಟ್ಬಿಡೇ,” ಎಂದು ಗಂಡ ನಕ್ಕ. “ಇಪ್ಪತ್ತೆರಡು ವರ್ಷ ದುಡಿದಿದೆ ಪಾಪ, ಅದಕ್ಕೂ ಒಂದು ದಿನ ರಜ ಇರಲಿ.”

ಅವಳು ನಗಲಿಲ್ಲ. ಆ ಇಪ್ಪತ್ತೆರಡು ವರ್ಷವೂ ಅವನು ವಾರವಿಡೀ ಗೇರ್‌ಬಾಕ್ಸ್ ಬಿಚ್ಚಿ, ಭಾನುವಾರ ಪಂದ್ಯಕ್ಕಿಳಿಯುತ್ತಿದ್ದ. ಅವಳು ಟ್ರ್ಯಾಕಿನ ಗೋಡೆಯ ಪಕ್ಕ ನಿಂತು ಅವನ ಸುತ್ತುಗಳ ಸಮಯ ಬರೆಯುತ್ತಿದ್ದಳು. ಅನುಮಾನ ಬಂದರೆ ತೀರ್ಪುಗಾರರೇ ಬಂದು ಅವಳ ಪುಸ್ತಕದಲ್ಲಿ ಇಣುಕುತ್ತಿದ್ದರು. ಹೋದ ವರ್ಷ ಅದೇ ಗೋಡೆಗೆ ಕಾರು ಬಡಿದು ಅವನ ಸೊಂಟದೊಳಗೆ ಉಕ್ಕಿನ ಸಲಾಕೆ ಕೂರಿಸಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಮಾತು ಕೊಟ್ಟಿದ್ದ: ಇನ್ನು ಪಂದ್ಯ ಇಲ್ಲ. ಅವಳೂ ಹೇಳಿದ್ದಳು: ಮಾತು ತಪ್ಪಿದ ದಿನ ಕಾರಿನ ಕೀಲಿಕೈ ನನ್ನದು. ಈ ಸ್ಪರ್ಧೆಯಿಲ್ಲದ ಓಡಾಟಕ್ಕೆ ಅವಳು ಒಪ್ಪಿದ್ದೇನೋ ಸರಿ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ವಾಚಿಲ್ಲದೆ ಅದನ್ನು ಹಿಡಿಯುವುದು ಹೇಗೆ?

ಬೆಂಚಿನ ಮೇಲೆ ಕೂತು ಕೈಚೀಲದಿಂದ ಹೆಣಿಗೆ ತೆಗೆದಳು. ಅವನಿಗೆಂದೇ ಬೂದು ಉಣ್ಣೆಯ ಮಫ್ಲರ್, ಸಾಲಿಗೆ ಮೂವತ್ತು ಕುಣಿಕೆ. ಎದುರಿಗಿದ್ದ ಬಿಳಿ ಗೆರೆಯನ್ನು ಅವನ ನೀಲಿ ಕಾರು ದಾಟಿತು, ದಿಬ್ಬದಾಚೆ ಮರೆಯಾಯಿತು, ಸುತ್ತಿಕೊಂಡು ಮತ್ತೆ ಬಂತು. ಅಷ್ಟರಲ್ಲಿ ಅವಳ ಕೈ ಐವತ್ತೆರಡು ಕುಣಿಕೆ ಹಾಕಿತ್ತು. ಮುಂದಿನ ಸುತ್ತಿಗೂ ಐವತ್ತೆರಡು. ಅದರ ಮುಂದಿನದಕ್ಕೂ. ಅವಳಿಗೆ ಒಳಗೊಳಗೇ ಖುಷಿಯಾಯಿತು. ವಾಚು ಹೋದರೇನು, ಕೈ ಇದೆಯಲ್ಲ!

ಸ್ವಲ್ಪ ವಿರಾಮದ ನಂತರ ಕಾರುಗಳು ಮತ್ತೆ ಇಳಿದ ಎರಡನೇ ಸರದಿಯಲ್ಲಿ ಲೆಕ್ಕ ನಲವತ್ತೆಂಟಕ್ಕೆ ಇಳಿಯಿತು. ಆಮೇಲೆ ನಲವತ್ತಾರು. ಕುಣಿಕೆ ಕಡಿಮೆ ಎಂದರೆ ಹೊತ್ತು ಕಡಿಮೆ, ಹೊತ್ತು ಕಡಿಮೆ ಎಂದರೆ ವೇಗ ಹೆಚ್ಚು. ಒಬ್ಬರು ಇನ್ನೊಬ್ಬರನ್ನು ದಾಟುವ ಜಾಗ ದಿಬ್ಬದಾಚೆ. ಅಲ್ಲಿ ಯಾರ ಬೆನ್ನು ಹತ್ತಿದ್ದಾನೋ ಇಲ್ಲಿಂದ ಕಾಣದು. ಮೂರನೇ ಸರದಿಯ ಹೊತ್ತಿಗೆ ಅವಳ ಹಲ್ಲು ಕಚ್ಚಿಕೊಂಡಿತ್ತು. ಕಡ್ಡಿ ಸಲೀಸಾಗಿ ಜಾರುತ್ತಿರಲಿಲ್ಲ, ಒಂದೊಂದು ಕುಣಿಕೆಗೂ ತಿಣುಕಬೇಕಿತ್ತು. ಉಣ್ಣೆಯೇ ಸರಿಯಿಲ್ಲ, ಅಂಗಡಿಯವನು ಹಳೇ ಸರಕು ಕೊಟ್ಟಿದ್ದಾನೆ ಎಂದು ಬೈದುಕೊಂಡಳು. ನಲವತ್ನಾಲ್ಕು. ನಲವತ್ತೆರಡು. ಕೊನೆಯ ಸುತ್ತಿಗೆ ನಲವತ್ತೊಂದು.

ಅವನು ಬೆಂಚಿನ ಬಳಿ ಕಾರು ನಿಲ್ಲಿಸಿ, ಸೊಂಟ ಹಿಡಿದುಕೊಂಡು ಇಳಿದ. ಮುಖದಲ್ಲಿ ಸ್ನಾನ ಮಾಡಿ ಬಂದವನ ನೆಮ್ಮದಿ.

“ಐದನೇ ತಿರುವಿನ ಹತ್ರ ಒಂದು ದೊಡ್ಡ ಮರ ಇದೆ ಕಣೇ. ಇಷ್ಟು ವರ್ಷ ಓಡಿಸಿ ಇವತ್ತು ನೋಡಿದೆ. ಆಗೆಲ್ಲ ಬರೀ ಮುಂದಿನವನ ಕಾರಿನ ಹಿಂಭಾಗ ನೋಡಿದ್ದೇ ಆಯ್ತು.”

“ಕೀಲಿಕೈ ಕೊಡಿ.”

“ಯಾಕೆ?”

“ಯಾಕಂತೆ! ಮೊದಲನೇ ಸುತ್ತಿಗೆ ಐವತ್ತೆರಡು ಕುಣಿಕೆ. ಕೊನೇದಕ್ಕೆ ನಲವತ್ತೊಂದು. ಯಾರ ಕಿವಿ ಮೇಲೆ ಹೂ ಇಡ್ತೀರಿ ರೀ? ನನ್ನ ಕೈ ಯಾವತ್ತಾದ್ರೂ ಸುಳ್ಳು ಹೇಳಿದೆಯಾ?”

ಅವನು ಜೇಬಿಗೆ ಕೈ ಹಾಕಿದ. ಕೀಲಿಕೈ ಅವಳ ಅಂಗೈಯಲ್ಲಿಟ್ಟ. ಅಷ್ಟರಲ್ಲಿ ಬಾವುಟದ ಹುಡುಗಿ ಸ್ಟಾಪ್‌ವಾಚ್ ಹಿಡಿದುಕೊಂಡು ಬಂದಳು.

“ತಗೊಳ್ಳಿ ಆಂಟಿ. ನಾನು ದಿಬ್ಬದ ಆ ಕಡೆನೇ ನಿಂತಿದ್ದೆ. ಅಂಕಲ್ ಥರ ಓಡಿಸೋರು ಹತ್ತು ಜನ ಇದ್ರೆ ನನಗೆ ಕೆಲಸಾನೇ ಇರಲ್ಲ. ಬೆಳಗ್ಗಿಂದ ಒಂದೇ ಹದ, ಒಬ್ಬರನ್ನೂ ದಾಟಲಿಲ್ಲ. ಹಿಂದೆ ಬಂದೋರಿಗೆಲ್ಲ ಕೈ ತೋರಿಸಿ ತೋರಿಸಿ, ಆ ತೋಳು ನೋಡಿ!”

ಅವಳು ನೋಡಿದಳು. ಕಿಟಕಿ ಕಡೆಯ ತೋಳು ಮೊಣಕೈವರೆಗೆ ಧೂಳು ಮತ್ತು ಟೈರಿನ ಕರಿ ಮೆತ್ತಿಕೊಂಡು ಕಪ್ಪಾಗಿತ್ತು. ಇನ್ನೊಂದು ತೋಳು ಬೆಳಗ್ಗೆ ಮನೆಯಿಂದ ಹೊರಟಾಗ ಇದ್ದಂತೆಯೇ ಇತ್ತು.

“ಹಾಗಾದ್ರೆ ನಲವತ್ತೊಂದು?” ಎಂದಳು, ಯಾರನ್ನೂ ನೋಡದೆ.

ಅವನು ಅವಳ ಮಡಿಲಿನಿಂದ ಹೆಣಿಗೆ ಎತ್ತಿ ಕಾರಿನ ಬಾನೆಟ್ ಮೇಲೆ ಹಾಸಿದ. ಬೆಳಗ್ಗೆ ಶುರುಮಾಡಿದ ತುದಿಗೆ ಗೇಣಿಟ್ಟ: ಸರಿಯಾಗಿ ಒಂದು ಗೇಣು. ಅಲ್ಲಿಂದ ಕೈ ಮೇಲೆ ಸರಿಸುತ್ತ ಹೋದ. ಬಟ್ಟೆ ಸಾಲು ಸಾಲಿಗೂ ಕಿರಿದಾಗುತ್ತ ಬಂದು, ಕೊನೆಯಲ್ಲಿ ಅವನ ಗೇಣಿಗೆ ಎರಡು ಬೆರಳು ಕಡಿಮೆ ಬಿತ್ತು. ಅಲ್ಲೂ ಸಾಲಿಗೆ ಅವೇ ಮೂವತ್ತು ಕುಣಿಕೆ.

“ನಾನು ಹದಿನೈದನೇ ಸುತ್ತಿನಲ್ಲಿ ಮರ ನೋಡ್ತಿದ್ದೆ,” ಎಂದ ಮೆಲ್ಲಗೆ. “ನೀನೆಲ್ಲಿದ್ದೆ?”

ಅವಳು ಕಡ್ಡಿ ಎಳೆದು ಹೆಣಿಗೆ ಬಿಚ್ಚಲು ಹೋದಳು. ಬರಲಿಲ್ಲ. ಕೊನೆಯ ಸಾಲಿನ ಮೂವತ್ತು ಕುಣಿಕೆಗಳೂ ಕಡ್ಡಿಯನ್ನು ಕಚ್ಚಿ ಹಿಡಿದಿದ್ದವು.