ಉಳಿದ ಒಂದು ಸೀಸೆ ನಗು

ಸ್ವಲ್ಪ ನಿಂತು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ವಾರಿಜಳನ್ನು ಬೈಯಿರಿ. ಅವಳ ಊರಿನ ನಗರಸಭೆ ಭಾನುವಾರ ನಡೆಸುವ ಹೌಸಿ ಎಂಬ ನಂಬರು ಟಿಕೆಟಿನ ಆಟದಲ್ಲಿ ಜನ ಪಣಕ್ಕಿಡುವುದು ತಮ್ಮ ನಗುವನ್ನು. ಸೋತವರ ಒಂದು ತಿಂಗಳ ನಗುವನ್ನು ಸೀಸೆಗೆ ತುಂಬಿ ಸಂಘಸಂಸ್ಥೆಗಳಿಗೆ ಹಂಚುತ್ತಾರೆ. ಡಯಾಲಿಸಿಸ್ ರೋಗಿಗಳ ಸಂಘದ ಕಾರ್ಯದರ್ಶಿ ವಾರಿಜಳಿಗೆ ಈ ಸಲ ಎರಡು ಸೀಸೆ ಸಿಕ್ಕವು.

ಆಸ್ಪತ್ರೆಯಲ್ಲಿ ಒಂದರ ಮುಚ್ಚಳ ತೆಗೆದದ್ದೇ ತಡ, ಡಯಾಲಿಸಿಸ್ ವಾರ್ಡಿಗೆ ವಾರ್ಡೇ ಬಿದ್ದು ಬಿದ್ದು ನಕ್ಕಿತು. ಪ್ರತಿಯೊಬ್ಬರ ನಗುವಿನ ಕೊನೆಗೂ ಗೊರಕೆಯಂಥ ಒಂದು ಸದ್ದು. ವಾರಿಜ ಆ ಸದ್ದನ್ನು ತಕ್ಷಣ ಗುರುತಿಸಿದಳು. ಅದು ಪಕ್ಕದ ಮನೆಯ ಫಿಲೋಮಿನಾಳ ನಗು! "ನಮ್ಮ ಸಂಘಕ್ಕೋಸ್ಕರ ಒಂದೇ ಒಂದು ಟಿಕೆಟು ತಗೊಳ್ಳೇ" ಎಂದು ಗೋಗರೆದು ಆಡಿಸಿದ್ದು ಇವಳೇ.

ಬೆಳಿಗ್ಗೆ ತಾನೇ ಫಿಲೋಮಿನಾ ಮಗಳ ನಿಶ್ಚಿತಾರ್ಥಕ್ಕೆ ಕರೆಯಲು ಬಂದಿದ್ದಳು. "ಶುಕ್ರವಾರ ಬನ್ನಿ ಅಕ್ಕ. ಗಂಡಿನ ಕಡೆಯವರು 'ನಿಮಗೀ ಸಂಬಂಧ ಇಷ್ಟ ಇಲ್ವಾ' ಅಂತ ನನ್ನನ್ನೇ ಕೇಳ್ತಾರೆ. ನಗೋಕೇ ಬರಲ್ವಲ್ಲ, ಏನ್ ಮಾಡ್ಲಿ?"

ಎರಡನೆಯ ಸೀಸೆಯ ಮೇಲೂ ಫಿಲೋಮಿನಾಳ ಟಿಕೆಟಿನದೇ ನಂಬರು. ಅವಳಿಗೇ ವಾಪಸ್ ಕೊಟ್ಟುಬಿಡೋಣವೆಂದು ವಾರಿಜ ಅದನ್ನು ಮೆಲ್ಲಗೆ ಚೀಲಕ್ಕಿಳಿಸಿದಳು. ಅಷ್ಟರಲ್ಲಿ ಮೂರನೇ ಹಾಸಿಗೆಯ ಚನ್ನವೀರಪ್ಪ ಕಣ್ಣೊರೆಸಿಕೊಂಡು, "ಹಿಂಗೆ ನಕ್ಕು ನಾಲ್ಕು ವರ್ಷ ಆಗಿತ್ತು ಕಣಮ್ಮ. ಇನ್ನೊಂದು ಇದೆಯಲ್ಲ, ತೆಗೀರಿ!" ಎಂದ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?